ಮರುಕಳಿಸುವ ಜ್ವರ (ಮುಂಬಯಿ)

ಬೊರೆಲಿಯ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಗಳಿಂದ ಬರುವ ಸೋಂಕು. ಇದರಲ್ಲಿ ಎರಡು ಬಗೆ: ಒಂದನ್ನು ಹರಡುವುದು ಬಟ್ಟೆಯಲ್ಲಿ ಸೇರುವ ಕೂರೆ, ಇನ್ನೊಂದನ್ನು ಹರಡುವುದು ಮೆದುಮೈಯ ಉಣ್ಣೆ. ಚಳಿ, ತಲೆನೋವು, ಏರುಜ್ವರ ಕೆಲವು ದಿನ ಕಾಡಿ, ಬೆವರಿ ಇಳಿದು, ವಾಸಿಯಾಯಿತು ಎನ್ನುವಷ್ಟರಲ್ಲಿ ಮತ್ತೆ ಮರಳುತ್ತದೆ. ರೋಗಾಣು ಆಗಾಗ ತನ್ನ ಹೊರಮೈಯ ಪ್ರೋಟೀನನ್ನು ಬದಲಿಸಿಕೊಳ್ಳುವುದರಿಂದ ದೇಹದ ರಕ್ಷಣೆಗೆ ಅದರ ಗುರುತು ತಪ್ಪುತ್ತದೆ.

ಧಾತು–ಈಶ್ವರ ಸಂವತ್ಸರಗಳ ಬರದಲ್ಲಿ (1876–78) ಕಲಾದಗಿ, ಧಾರವಾಡ, ಸೊಲ್ಲಾಪುರದ ಸೀಮೆಗಳು ಒಣಗಿ, ಹಸಿದ ಜನ ಗುಳೆ ಹೊರಟರು. ಅಂಥವರು ಬಂದು ಸೇರಿದ ಮುಂಬಯಿಯಲ್ಲಿ 1877ರಲ್ಲಿ ಈ ಜ್ವರ ಹಬ್ಬಿತು. ಆ ಕಾಲಕ್ಕೆ ಜ್ವರ ಎಂದರೆ ಕ್ವಿನೈನ್. ಇದಕ್ಕೆ ಅದು ನಾಟಲಿಲ್ಲ. ಅಲ್ಲಿನ ವೈದ್ಯ ಹೆನ್ರಿ ವ್ಯಾಂಡೈಕ್ ಕಾರ್ಟರ್ ರೋಗಿಗಳ ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ಬರ್ಲಿನ್ನಿನ ಓಬರ್ಮೈಯರ್ 1873ರಲ್ಲಿ ಪ್ರಕಟಿಸಿದ್ದ ಸುರುಳಿಜೀವಿಯನ್ನು ಇಲ್ಲಿಯೂ ಕಂಡರು. (ಅಂಗರಚನೆಯ ಗ್ರಂಥ ‘ಗ್ರೇಸ್ ಅನಾಟಮಿ’ಯ ಚಿತ್ರಗಳನ್ನು ಬರೆದವರು ಈ ಕಾರ್ಟರ್ ಅವರೇ. ಹೆಸರು ಮಾತ್ರ ಲೇಖಕ ಗ್ರೇ ಪಾಲಾಯಿತು.) ಜ್ವರ ಏರಿದಾಗ ರಕ್ತದಲ್ಲಿ ಸಿಗುವ ಜೀವಿ ಇಳಿದಾಗ ಸಿಗುವುದಿಲ್ಲ. ರೋಗ ಗುರುತಿಸುವವರಿಗೆ ಇಂದಿಗೂ ಇದೇ ಮುಖ್ಯ ಪಾಠ: ರಕ್ತಲೇಪನವನ್ನು ಜ್ವರವಿದ್ದಾಗಲೇ ತೆಗೆಯಬೇಕು. ಕಾರ್ಟರ್ ಮಂಗಗಳಿಗೂ ಸೋಂಕು ತಗುಲಿಸಿ ನೋಡಿದರು. ಅವರ ಗ್ರಂಥ ‘ಸ್ಪಿರಿಲಮ್ ಫೀವರ್’ 1882ರಲ್ಲಿ ಹೊರಬಂತು.

ಆದರೆ ರೋಗ ಹರಡುವುದು ಹೇಗೆ ಎಂಬುದು ಅವರಿಗೆ ತಿಳಿಯಲೇ ಇಲ್ಲ. ಉತ್ತರ ಮೊದಲು ಸಿಕ್ಕಿದ್ದು ಆಫ್ರಿಕದಲ್ಲಿ. 1904–05ರಲ್ಲಿ ಉಗಾಂಡದಲ್ಲಿ ಸಂಶೋಧಕರಾದ ರಾಸ್ ಮತ್ತು ಮಿಲ್ನ್, ಕಾಂಗೋದಲ್ಲಿ ಡಟನ್ ಮತ್ತು ಟಾಡ್ ಉಣ್ಣೆಯತ್ತ ಬೆರಳು ತೋರಿಸಿದರು. ಡಟನ್ ಅಲ್ಲಿಯೇ 1905ರಲ್ಲಿ ತೀರಿಕೊಂಡರು. ಮುಂಬಯಿ ಪ್ರಾಂತದ ಜ್ವರಕ್ಕೆ ಮಾತ್ರ ಕಾರಣ ಉಣ್ಣೆಯಲ್ಲ. ನಾಸಿಕದ ಮಿಷನ್ ವಸತಿಯೊಂದರಲ್ಲಿ ಜ್ವರ ಎದ್ದಾಗ, ಕೂರೆ ಹೆಚ್ಚಿದ್ದ ಹುಡುಗರಲ್ಲೇ ರೋಗವೂ ಹೆಚ್ಚೆಂದು ವೈದ್ಯ ಪರ್ಸಿವಲ್ ಮ್ಯಾಕಿ 1907ರಲ್ಲಿ ತೋರಿಸಿದರು. ಮುಂಬಯಿಯ ಪರೇಲಿನ ಹಾಫ್‌ಕಿನ್ ಸಂಶೋಧನ ಸಂಸ್ಥೆಗೆ ಮುಂದೆ ಅವರೇ ನಿರ್ದೇಶಕರಾದರು. ಕೂರೆಯ ಕಡಿತಕ್ಕಿಂತ, ಜಜ್ಜಿದ ಕೂರೆಯ ರಸ ಗೀರಿದ ಚರ್ಮಕ್ಕೆ ಸೋಕುವುದೇ ಅಪಾಯ ಎಂಬುದು ಟ್ಯೂನಿಸ್‌ನ ಸಂಶೋಧಕ ನಿಕೋಲ್ ಅವರ ಪ್ರಯೋಗಗಳಿಂದ ತಿಳಿಯಿತು.

ಉಣ್ಣೆಯ ಬಗೆ ಕಾಶ್ಮೀರದಲ್ಲಿ ಕಂಡುಬಂದಿದೆ. ಆ ಉಣ್ಣೆ ರಾತ್ರಿ ಬಂದು, ನೋವಿಲ್ಲದೆ ಕಚ್ಚಿ, ಸ್ವಲ್ಪ ಹೊತ್ತಿನಲ್ಲೇ ಕಳಚಿಕೊಳ್ಳುವುದರಿಂದ ಕಡಿತ ರೋಗಿಯ ಗಮನಕ್ಕೇ ಬಂದಿರುವುದಿಲ್ಲ. ಉಣ್ಣೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವ ಮಂಗನ ಕಾಯಿಲೆ (1957, ಶಿವಮೊಗ್ಗ ಜಿಲ್ಲೆ) ವೈರಸ್ಸಿನದು. ಪ್ರತಿಜೀವಕಕ್ಕೆ ಅದು ಬಗ್ಗುವುದಿಲ್ಲ.

ಮರುಕಳಿಸುವ ಜ್ವರ ಬಗ್ಗುತ್ತದೆ. 1910ರ ಸುಮಾರಿಗೆ ಬಂದ ಆರ್ಸೆನಿಕ್ ಮದ್ದು ಸಾಲ್ವರ್ಸಾನ್‌ನ ಜಾಗದಲ್ಲಿ ಈಗ ಪೆನಿಸಿಲಿನ್, ಡಾಕ್ಸಿಸೈಕ್ಲಿನ್ ಇವೆ. ಕೂರೆಯ ಬಗೆಗೆ ಒಂದೇ ಡೋಸ್ ಸಾಕಾಗುವುದುಂಟು, ಉಣ್ಣೆಯದಕ್ಕೆ ವಾರದಿಂದ ಹತ್ತು ದಿನ ಬೇಕು. ಮೊದಲ ಡೋಸಿನ ಬಳಿಕ ಕೆಲವೇ ಗಂಟೆಗಳಲ್ಲಿ ನಡುಕ ಹೆಚ್ಚಿ ರಕ್ತದೊತ್ತಡ ಕುಸಿಯಬಹುದು. ಆ ಹೊತ್ತಿನಲ್ಲಿ ರೋಗಿ ವೈದ್ಯರ ನಿಗಾದಲ್ಲೇ ಇರಬೇಕು.