ಹೆಸರಿಲ್ಲದ ಪದಕ



ರುವೈಸ್‌ನ ಈ ಸಮ್ಮೇಳನದಲ್ಲಿ ಇತಿಹಾಸ ಹೇಳಲು ಒಬ್ಬ ಚಾರ್ಟರ್ಡ್ ಅಕೌಂಟೆಂಟ್‌ನನ್ನು ಕರೆದಿದ್ದೀರಿ. ನಾನು ಇತಿಹಾಸವನ್ನೂ ದಾಖಲೆಯ ಕಣ್ಣಿನಿಂದಲೇ ನೋಡುವವನು. ಹೀಗಾಗಿ ಇಂದು ಒಂದು ದಾಖಲೆಯ ಬಗ್ಗೆಯೇ ಮಾತನಾಡುತ್ತೇನೆ: ಪರದೇಶದಲ್ಲಿ, ಹಲವು ದೇಶಗಳ ಸೈನಿಕರ ಜೊತೆ ದುಡಿದವರಿಗೆ ವಿಶ್ವಸಂಸ್ಥೆ ಕೊಡುವ ಪದಕ.

ನಮ್ಮವರಲ್ಲಿ ಮೊದಲು ನೆನಪಾಗುವ ಹೆಸರು ಮಡಿಕೇರಿಯ ಜನರಲ್ ಕೆ.ಎಸ್. ತಿಮ್ಮಯ್ಯನವರದು. ಕೊರಿಯಾ ಯುದ್ಧ ನಿಂತಾಗ ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳು ತಮ್ಮ ದೇಶಕ್ಕೆ ಮರಳಲು ಒಪ್ಪಲಿಲ್ಲ. ಅವರ ವಿಷಯ ನೋಡಿಕೊಳ್ಳಲು 1953ರಲ್ಲಿ ರಚಿಸಿದ ಐದು ದೇಶಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. 1954ರಲ್ಲಿ ಅವರಿಗೆ ಪದ್ಮಭೂಷಣ ಬಂತು. ಭೂಸೇನೆಯ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ, 1964ರ ಜುಲೈನಲ್ಲಿ ಸೈಪ್ರಸ್‌ನ ಶಾಂತಿಪಾಲನಾ ಪಡೆಯ ದಂಡನಾಯಕರಾದರು. ಆ ಪಡೆಯಲ್ಲಿ ಬ್ರಿಟನ್, ಕೆನಡಾ, ಸ್ವೀಡನ್, ಐರ್ಲೆಂಡ್‌ಗಳ ಸೈನಿಕರಿದ್ದರು. ಭಾರತದ ಒಂದೂ ಪಲ್ಟನ್ ಇರಲಿಲ್ಲ. 1965ರ ಡಿಸೆಂಬರ್ 18ರಂದು ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಅಂಚೆಚೀಟಿ ಹೊರಡಿಸಿತು. ಮಡಿಕೇರಿಯಲ್ಲಿ ಅವರ ಮನೆ 'ಸನ್ನಿ ಸೈಡ್' ಈಗ ವಸ್ತುಸಂಗ್ರಹಾಲಯ.

ದೊಡ್ಡವರ ಲೆಕ್ಕ ಹೀಗೆ ಭದ್ರವಾಗಿದೆ. ಸಿಪಾಯಿಯದು?

1956ರಿಂದ 1967ರವರೆಗೆ ಗಾಜಾ, ಸಿನಾಯ್‌ಗಳಲ್ಲಿ ವಿಶ್ವಸಂಸ್ಥೆಯ ಪಡೆಯಿತ್ತು. ಭಾರತದ ಪಲ್ಟನ್‌ಗಳೂ ಅದರಲ್ಲಿದ್ದವು. ಪದಕಕ್ಕೆ 90 ದಿನಗಳ ಸೇವೆ ಬೇಕಿತ್ತು. ಇಲ್ಲಿ ಗ್ರಾಚ್ಯುಟಿಗೆ ಒಂದು ವರ್ಷ ಪೂರೈಸಬೇಕಲ್ಲ, ಹಾಗೆಯೇ. ಶೌರ್ಯವನ್ನು ಅದು ಅಳೆಯುವುದಿಲ್ಲ, ದಿನಗಳನ್ನು ಎಣಿಸುತ್ತದೆ. ಅಧಿಕಾರಿಗೂ ಅಡುಗೆಯವನಿಗೂ ಅದೇ ಕಂಚು. ಹಿಂಬದಿಯಲ್ಲಿ 'ಶಾಂತಿಯ ಸೇವೆಯಲ್ಲಿ' ಎಂಬರ್ಥದ ಇಂಗ್ಲಿಷ್ ಬರಹ. ಈ ಸಮಾನತೆ ನನಗೆ ಬಹಳ ಇಷ್ಟ.

ಆದರೆ ಆಡಿಟರ್ ಕಣ್ಣಿಗೆ ಒಂದು ಕೊರತೆಯೂ ಕಾಣುತ್ತದೆ. ವಿಶ್ವಸಂಸ್ಥೆಯ ಪದಕದ ಮೇಲೆ ಸಾಮಾನ್ಯವಾಗಿ ಪಡೆದವನ ಹೆಸರು ಕೆತ್ತಿರುವುದಿಲ್ಲ. ಅಜ್ಜ ತೀರಿಕೊಂಡು, ಕಾಗದಪತ್ರ ಗೆದ್ದಲು ತಿಂದರೆ, ಟ್ರಂಕಿನಲ್ಲಿ ಉಳಿಯುವುದು ಯಾರದೆಂದು ಹೇಳಲಾಗದ ಕಂಚಿನ ಬಿಲ್ಲೆ. ಹೆಸರಿಲ್ಲದ ವೋಚರನ್ನು ಯಾವ ಲೆಕ್ಕಕ್ಕೆ ಬರೆಯುವುದು?

ಆದ್ದರಿಂದ ನನ್ನ ವಿನಂತಿ ಇಷ್ಟೇ. ಈ ಸಲ ರಜೆಗೆ ಊರಿಗೆ ಹೋದಾಗ, ಮನೆಯಲ್ಲಿ ಅಂಥ ಪದಕವಿದ್ದರೆ ಹಿರಿಯರನ್ನು ಕೇಳಿ: ಯಾರದು, ಯಾವ ಪಲ್ಟನ್, ಯಾವ ದೇಶ, ಯಾವ ವರ್ಷ? ಒಂದು ಹಾಳೆಯಲ್ಲಿ ಬರೆದು ಪದಕದ ಜೊತೆಗೇ ಇಡಿ. ಹಾಗೆಯೇ ನಿಮ್ಮ ಸರ್ವಿಸ್ ಸರ್ಟಿಫಿಕೇಟುಗಳನ್ನೂ ಜೋಪಾನ ಮಾಡಿ. ನಾವು ಈ ಮರಳುಗಾಡಿನಲ್ಲಿ ದುಡಿದದ್ದಕ್ಕೆ ಯಾರೂ ಪದಕ ಕೊಡುವುದಿಲ್ಲ. ಮುಂದೆ ಮಕ್ಕಳ ಕೈಗೆ ಸಿಗುವ ಸಾಕ್ಷಿ ಆ ಕಾಗದವೇ.