ಶ್ರೀಶೈಲ ಪಾದಯಾತ್ರೆ: ಜಮಖಂಡಿ–ಮುಧೋಳ ಸೀಮೆಯ ನಡಿಗೆಯ ಇತಿಹಾಸ

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಭಕ್ತರು ಯುಗಾದಿಗೆ ಮುನ್ನ ಆಂಧ್ರಪ್ರದೇಶದ ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೋಗುವ ವಾರ್ಷಿಕ ಯಾತ್ರೆಯೇ ಶ್ರೀಶೈಲ ಪಾದಯಾತ್ರೆ. ಉತ್ತರ ಕರ್ನಾಟಕದ ಇತರ ಜಿಲ್ಲೆಗಳಿಂದಲೂ ಜನ ಹೀಗೆ ಹೊರಡುತ್ತಾರೆ. ಈ ಊರುಗಳಿಂದ ದಾರಿ 400 ಕಿ.ಮೀ. ಮೀರುತ್ತದೆ. ಗಂಟು ಕಟ್ಟುವುದು, ಕೆಡದ ಬುತ್ತಿ ಒಯ್ಯುವುದು, ನೀರಿನ ನೆಲೆ ನೋಡಿ ತಂಗುವುದು, ಬಯಲಲ್ಲಿ ಮಲಗುವುದು, ಕಾಡು ದಾಟುವುದು ಇವೆಲ್ಲ ಇಂದು ಚಾರಣ ಶಿಬಿರಗಳ ಪಾಠಗಳು. ಇಲ್ಲಿನ ರೈತರು, ನೇಕಾರರು ಇವನ್ನು ಹಿರಿಯರ ಬೆನ್ನ ಹಿಂದೆ ನಡೆಯುತ್ತಲೇ ಕಲಿತವರು.

ಹೋಳಿ ಹುಣ್ಣಿಮೆಗೂ ಯುಗಾದಿಗೂ ನಡುವೆ ಹದಿನೈದು ದಿನ. ಆ ಅವಧಿಯ ಆಚೀಚೆಯಲ್ಲೇ ನಡಿಗೆ ನಡೆಯುತ್ತದೆ. ಹಿಂಗಾರಿ ಜೋಳ ರಾಶಿಯಾಗಿ ಮನೆ ಸೇರಿರುತ್ತದೆ, ಹೊಲದಲ್ಲಿ ಅವಸರದ ಕೆಲಸವಿರುವುದಿಲ್ಲ. ದಾರಿಗೆ ಅಡ್ಡ ಬರುವ ಘಟಪ್ರಭೆ, ಮಲಪ್ರಭೆ, ತುಂಗಭದ್ರೆಗಳಲ್ಲಿ ನೀರು ಇಳಿದಿರುತ್ತದೆ. ಸೇತುವೆಗಳಿಲ್ಲದ ಕಾಲಕ್ಕೆ ಇದು ಸಣ್ಣ ಅನುಕೂಲವಾಗಿರಲಿಲ್ಲ. ಬಿಸಿಲೊಂದು ಮಾತ್ರ ಉಗ್ರ.

ಕನ್ನಡಿಗರ ಶ್ರೀಶೈಲ ನಡಿಗೆಗೆ ಹನ್ನೆರಡನೆಯ ಶತಮಾನದ ಶರಣರ ನೆನಪು ಅಂಟಿಕೊಂಡಿದೆ. ಅಕ್ಕಮಹಾದೇವಿ ಕಲ್ಯಾಣದಿಂದ ಶ್ರೀಶೈಲದ ಕದಳಿವನಕ್ಕೆ ನಡೆದಳೆಂಬುದು ಪರಂಪರೆಯ ನಂಬಿಕೆ. ಆಕೆಯ ಅಂಕಿತವಾದ ಚೆನ್ನಮಲ್ಲಿಕಾರ್ಜುನ ಶ್ರೀಶೈಲದ ದೇವರೇ, ಭಕ್ತರ ಬಾಯಲ್ಲಿ ಮಲ್ಲಯ್ಯ. ಸೊನ್ನಲಿಗೆಯ (ಇಂದಿನ ಸೊಲ್ಲಾಪುರದ) ಸಿದ್ಧರಾಮ ಬಾಲಕನಾಗಿದ್ದಾಗ ಮಲ್ಲಯ್ಯನನ್ನು ಹುಡುಕುತ್ತ ಯಾತ್ರಿಕರೊಡನೆ ಶ್ರೀಶೈಲಕ್ಕೆ ಹೋದ ಕಥೆಯನ್ನು ರಾಘವಾಂಕನ ‘ಸಿದ್ಧರಾಮ ಚಾರಿತ್ರ’ ಹೇಳುತ್ತದೆ. ಗುಂಪುಗೂಡಿ ನಡೆಯುವ ಪದ್ಧತಿ ಈ ಕವಿಗೆ ಪರಿಚಿತವಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಯುಗಾದಿಗೇ ಹೋಗುವುದಕ್ಕೆ ಭಕ್ತರು ಕೊಡುವ ಕಾರಣ ಆತ್ಮೀಯವಾದದ್ದು: ಶ್ರೀಶೈಲದ ದೇವಿ ಭ್ರಮರಾಂಬೆ ಕನ್ನಡ ನಾಡಿನ ಮನೆಮಗಳು, ಮಲ್ಲಯ್ಯ ಅಳಿಯ. ಹಬ್ಬಕ್ಕೆ ಮಗಳಿಗೆ ಸೀರೆ, ಕುಬುಸ, ಬಳೆ ಒಯ್ಯುವುದು ತವರಿನವರ ಕರ್ತವ್ಯ.

ತಂಡದ ಮುಂದೆ ಕಂಬಿ ಇರುತ್ತದೆ. ಇದು ಹೆಗಲ ಮೇಲೆ ಹೊರುವ, ಅಲಂಕರಿಸಿದ ಅಡ್ಡೆ; ಮಲ್ಲಯ್ಯನ ಗುರುತು. ಊರುಗಳಲ್ಲಿ ಕಂಬಿಗೆ ಪೂಜೆ ಸಲ್ಲುತ್ತದೆ, ಹೊತ್ತವರ ಕಾಲಿಗೆ ನೀರೆರೆಯುತ್ತಾರೆ. ಹೊಸಬರಿಗೆ ಕಂಬಿಯಿಂದ ಇನ್ನೊಂದು ಪ್ರಯೋಜನವೂ ಇದೆ: ಅದರ ನಡೆಯೇ ತಂಡದ ನಡೆ, ಅದು ನಿಂತಲ್ಲೇ ತಂಗು.

ದಾರಿ ಹುನಗುಂದ, ಇಳಕಲ್, ಲಿಂಗಸುಗೂರು ಕಡೆಯಿಂದ ರಾಯಚೂರು ಸೀಮೆ ದಾಟಿ ಕರ್ನೂಲು, ಆತ್ಮಕೂರುಗಳತ್ತ ಸಾಗುತ್ತದೆ. ಆಲಮಟ್ಟಿ ಹಿನ್ನೀರಿನಿಂದ ಬೀಳಗಿ ತಾಲ್ಲೂಕಿನ ನದಿದಂಡೆಯ ಹಳ್ಳಿಗಳು ಮುಳುಗಿ ಪುನರ್ವಸತಿ ಕೇಂದ್ರಗಳಿಗೆ ಹೋದ ಮೇಲೆ, ಅಲ್ಲಿಂದ ಹೊರಡುವವರ ಮೊದಲ ಹೆಜ್ಜೆಗಳೂ ಬೇರೆ ದಾರಿ ಹಿಡಿದವು. ನಸುಕಿನಲ್ಲಿ ಎದ್ದು ನಡೆದು, ಬಿಸಿಲೇರುವಾಗ ಬೇವು, ಹುಣಸೆಯ ನೆರಳಿಗೋ ಗುಡಿಯ ಕಟ್ಟೆಗೋ ಸೇರಿ, ಇಳಿಹೊತ್ತಿಗೆ ಮತ್ತೆ ಹೊರಡುವುದು ರೂಢಿ. ಮೊದಲ ದಿನದ ಉತ್ಸಾಹದಲ್ಲಿ ಓಡುನಡಿಗೆ ಹಾಕಿದವರು ಮೂರನೆಯ ದಿನಕ್ಕೆ ಕುಂಟುತ್ತಾರೆ. ಹಳಬರು ಹೊಸಬರನ್ನು ತಡೆಯುವುದು ಇಲ್ಲಿಯೇ.

ಬುತ್ತಿಯ ಜಾಣ್ಮೆ ಈ ಸೀಮೆಯ ನಿಜವಾದ ಸಾಧನೆ. ತೆಳ್ಳಗೆ ಬಡಿದ ಜೋಳ ಅಥವಾ ಸಜ್ಜೆಯ ರೊಟ್ಟಿಯನ್ನು ಬೇಯಿಸಿದ ಮೇಲೆ ಒಣಗಿಸಿ ಖಡಕ್ ಮಾಡುತ್ತಾರೆ. ತೇವ ಹೋದ ರೊಟ್ಟಿಗೆ ಬೂಸ್ಟು ಹಿಡಿಯುವುದಿಲ್ಲ, ವಾರಗಟ್ಟಲೆ ಉಳಿಯುತ್ತದೆ, ತೂಕವೂ ಕಡಿಮೆ. ಶೇಂಗಾ, ಅಗಸಿ, ಗುರೆಳ್ಳಿನ ಚಟ್ನಿಪುಡಿಗಳು ಎಣ್ಣೆಯಂಶ ಕೊಡುತ್ತವೆ. ಒಲೆ ಹೊತ್ತಿಸದೆ ಊಟ ಮುಗಿಯುತ್ತದೆ. ಹಳ್ಳಿಯಲ್ಲಿ ಮಜ್ಜಿಗೆ ಸಿಕ್ಕರೆ ರೊಟ್ಟಿ ಮುರಿದು ನೆನೆಹಾಕಿದರೆ ಸಾಕು. ಶೇಂಗಾ ಹೋಳಿಗೆ, ಅವಲಕ್ಕಿ, ಪುಟಾಣಿ ನಡುದಾರಿಯ ಹಸಿವಿಗೆ. ಹಾಸಲು ಹೊದೆಯಲು ಒಂದೇ ಕೌದಿ ಅಥವಾ ಕಂಬಳಿ. ಹಗಲು ಅದೇ ಮಡಿಚಿಕೊಂಡು ಹೊರೆಯ ಕೆಳಗೆ ಹೆಗಲಿಗೆ ಮೆತ್ತೆಯಾಗುತ್ತಿತ್ತು. ರಾತ್ರಿ ಕಾಲನ್ನು ಉಪ್ಪು ಹಾಕಿದ ಬಿಸಿನೀರಿನಲ್ಲಿ ಇಳಿಬಿಟ್ಟು, ಒರೆಸಿ ಎಣ್ಣೆ ಹಚ್ಚುತ್ತಾರೆ. ಬೊಬ್ಬೆ ಎದ್ದ ಕಾಲನ್ನು ಅಲಕ್ಷ್ಯ ಮಾಡಿದರೆ ಯಾತ್ರೆ ಅಲ್ಲಿಗೇ ನಿಲ್ಲುತ್ತದೆ.

ಕಠಿಣ ಭಾಗವೆಂದರೆ ಕೊನೆಯ ನಲ್ಲಮಲ ಕಾಡು. ಆತ್ಮಕೂರಿನ ಕಡೆಯಿಂದ ವೆಂಕಟಾಪುರ, ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ, ಕೈಲಾಸದ್ವಾರ ಇವು ಅನುಕ್ರಮವಾಗಿ ಬರುತ್ತವೆ. ಹೆಸರುಗಳನ್ನೇ ನೋಡಿದರೂ ಕೆರೆ, ಕೊಳಗಳ ಆಸರೆಯಲ್ಲಿ ಬೆಳೆದ ದಾರಿಯಿದು ಎಂದು ಗೊತ್ತಾಗುತ್ತದೆ. ಭೀಮನ ಕೊಳದ ಕಣಿವೆಗೆ ಇಳಿದು ಮತ್ತೆ ಕಡಿದಾದ ಮೆಟ್ಟಿಲು ಹತ್ತಬೇಕು. ಶ್ರೀಶೈಲದ ಮೆಟ್ಟಿಲುಗಳನ್ನು ಕಟ್ಟಿಸಿದ ಕೀರ್ತಿ ಹದಿನಾಲ್ಕನೆಯ ಶತಮಾನದ ರೆಡ್ಡಿ ಅರಸ ಪ್ರೋಲಯ ವೇಮನಿಗೆ ಸಲ್ಲುತ್ತದೆ. ಸರ್ವೇ ಅಧಿಕಾರಿ ಕಾಲಿನ್ ಮೆಕೆಂಜಿ 1794ರಲ್ಲಿ ಕ್ಷೇತ್ರಕ್ಕೆ ಬಂದು ಬರೆದ ವಿವರ 1798ರಲ್ಲಿ ಅಚ್ಚಾಯಿತು. 1830ರಲ್ಲಿ ಮದರಾಸಿನಿಂದ ಕಾಶಿಗೆ ಹೊರಟ ಏನುಗುಲ ವೀರಾಸ್ವಾಮಿ ಕೂಡ ಆತ್ಮಕೂರು, ನಾಗಲೂಟಿ, ಪೆದ್ದಚೆರುವಿನ ಈ ದಾರಿಯಲ್ಲೇ ಶ್ರೀಶೈಲ ಕಂಡವರು. ಕಾಡಿನ ಚೆಂಚು ಜನರಿಗೆ ಮಲ್ಲಯ್ಯ ತಮ್ಮವನೇ. ಯಾತ್ರಿಕರಿಗೆ ದಾರಿ ತೋರಿ ಕಾಪಾಡುವ ಕೆಲಸ ಅವರದಾಗಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಘಟ್ಟಕ್ಕೆ ಮೋಟಾರು ರಸ್ತೆ ಬಂದ ಮೇಲೂ ನಡಿಗೆ ನಿಲ್ಲಲಿಲ್ಲ, ಅದರ ರೀತಿ ಬದಲಾಯಿತು. ಗಂಟುಗಳು ಹೆಗಲಿನಿಂದ ಟ್ರ್ಯಾಕ್ಟರಿಗೆ, ಟಂಟಂಗೆ ಹೋದವು. ದಾರಿಯುದ್ದಕ್ಕೂ ಹಳ್ಳಿಯವರು ಮಜ್ಜಿಗೆ, ಅಂಬಲಿ, ಊಟ, ಔಷಧದ ಸೇವೆಗೆ ನಿಂತರು. ದಣಿದ ಕಾಲು ಒತ್ತುವವರೂ ಇದ್ದಾರೆ. ಹರಕೆ ಹೊತ್ತ ಕೆಲ ಯುವಕರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಮರಳುವುದು ಬಹುತೇಕ ಬಸ್ಸಿನಲ್ಲಿ. ಯುಗಾದಿಗೆ ವಾಯವ್ಯ ಕರ್ನಾಟಕ ಸಾರಿಗೆ ವಿಶೇಷ ಬಸ್ ಬಿಡುತ್ತದೆ. ಕಂಬಿ ಊರಿಗೆ ಬಂದ ಮೇಲೆ ಐದೇಶಿ ಎಂಬ ಆಚರಣೆ ನಡೆಯುತ್ತದೆ, ಅನ್ನಸಂತರ್ಪಣೆಯಾಗುತ್ತದೆ.

1983ರಲ್ಲಿ ಹುಲಿ ಯೋಜನೆಗೆ ಸೇರಿದ ನಲ್ಲಮಲದ ಈ ಕಾಡು ನಾಗಾರ್ಜುನಸಾಗರ-ಶ್ರೀಶೈಲ ರಕ್ಷಿತಾರಣ್ಯದ ಭಾಗ. ವಿಸ್ತಾರದಲ್ಲಿ ಅದು ದೇಶದ ಹುಲಿ ರಕ್ಷಿತಾರಣ್ಯಗಳಲ್ಲೇ ದೊಡ್ಡದು. ಹಾಗಾಗಿ ಕಾಡಿನ ಶಿಸ್ತು ಈಗ ಭಕ್ತಿಯಷ್ಟೇ ಮುಖ್ಯ: ಗುಂಪು ಬಿಡಬಾರದು, ಒಣಗಿದ ಹುಲ್ಲಿನ ಈ ಕಾಲದಲ್ಲಿ ಬೆಂಕಿ ಹಾಕಬಾರದು, ಪ್ಲಾಸ್ಟಿಕ್ ಎಸೆಯಬಾರದು. ಹಿಂದೆ ನೀರು ಒಯ್ಯುತ್ತಿದ್ದ ಮಣ್ಣಿನ ತತ್ರಾಣಿ ಒಡೆದರೆ ಮಣ್ಣಿಗೇ ಸೇರುತ್ತಿತ್ತು. ಅದರ ಜಾಗಕ್ಕೆ ಬಂದ ನೀರಿನ ಬಾಟಲಿ ಕಾಡಿನಲ್ಲೇ ಉಳಿಯುತ್ತದೆ. 2020ರ ಯುಗಾದಿ ಮಾರ್ಚ್ 25ರಂದು, ದೇಶದ ಲಾಕ್‌ಡೌನ್ ಆರಂಭವಾದ ದಿನವೇ ಬಂದು, ಆ ವರ್ಷ ಹಬ್ಬದ ದರ್ಶನ ನಡೆಯಲಿಲ್ಲ. 2022ರ ಕೊನೆಯಲ್ಲಿ ಶ್ರೀಶೈಲ ಪೀಠದ ಜಗದ್ಗುರು ಚನ್ನಸಿದ್ಧರಾಮ ಪಂಡಿತಾರಾಧ್ಯರು ಬೆಳಗಾವಿ ಜಿಲ್ಲೆಯ ಯಡೂರಿನಿಂದ ಶ್ರೀಶೈಲಕ್ಕೆ ಪಾದಯಾತ್ರೆ ಕೈಗೊಂಡರು.