ಗಡಿಯಾಚೆಯ ಟಿವಿಯಲ್ಲಿ ಕನ್ನಡ: ಮುಕ್ತ ತಂತ್ರಾಂಶ, ಬೀಗ ಹಾಕಿದ ಪೆಟ್ಟಿಗೆ

1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಜಿಲ್ಲೆಯಿಂದ ಕಳಚಿದ ಉದಗೀರ, ನಿಲಂಗಾ ಈಗ ಮಹಾರಾಷ್ಟ್ರದ ಲಾತೂರ ಜಿಲ್ಲೆಯಲ್ಲಿವೆ; ಉಮರ್ಗಾ ಅಲ್ಲಿನ ಧಾರಾಶಿವ ಜಿಲ್ಲೆಗೆ ಸೇರಿದೆ. ಕನ್ನಡ ಮನೆಮಾತಿನ ಕುಟುಂಬಗಳು ಮೂರೂ ಕಡೆ ಇವೆ. ಅವರ ಸ್ಮಾರ್ಟ್ ಟಿವಿ ಕನ್ನಡ ತೋರಿಸುವುದಕ್ಕೆ ಅಡ್ಡಿ ಎಲ್ಲಿದೆ ಎಂಬುದು ಇಲ್ಲಿನ ಪ್ರಶ್ನೆ.

ಅಡ್ಡಿ ಭಾಷಾ ಪದರದಲ್ಲಂತೂ ಇಲ್ಲ. ಆಪರೇಟಿಂಗ್ ಸಿಸ್ಟಂ ಬಳಸುವ 'ಕೆಎನ್-ಐಎನ್' ಸಂಕೇತದಲ್ಲಿ ಭಾಷೆಯಿದೆ, ದೇಶವಿದೆ, ರಾಜ್ಯವಿಲ್ಲ. ಅದರ ಲೆಕ್ಕದಲ್ಲಿ ಉದಗೀರವೂ ಬೀದರವೂ ಒಂದೇ. 2014ರ ಆಂಡ್ರಾಯ್ಡ್ 5.0 ಕನ್ನಡವನ್ನೂ ಮರಾಠಿಯನ್ನೂ ಒಟ್ಟಿಗೇ ಸೇರಿಸಿಕೊಂಡಿತು. 'ಸ್ತ್ರೀ' ಎಂಬಲ್ಲಿ ಆರು ಯೂನಿಕೋಡ್ ಸಂಕೇತಗಳಿವೆ. ಅವನ್ನು ಒತ್ತಕ್ಷರಗಳಾಗಿ ಹೆಣೆಯುವ ಹಾರ್ಫ್‌ಬಜ್ ಕೂಡ ಮುಕ್ತ ತಂತ್ರಾಂಶವೇ.

ಬೀಗ ಇರುವುದು ಕೆಳಗೆ. ಸ್ಯಾಮ್‌ಸಂಗ್‌ನ ಟೈಜನ್, ಎಲ್‌ಜಿಯ ವೆಬ್‌ಓಎಸ್, ಆಂಡ್ರಾಯ್ಡ್ ಟಿವಿ ಮೂರೂ ಲಿನಕ್ಸ್ ಕರ್ನಲ್ ಮೇಲೆ ನಿಂತಿವೆ. ಕರ್ನಲ್‌ನ ಪರವಾನಗಿಯಾದ ಜಿಪಿಎಲ್ 2ನೇ ಆವೃತ್ತಿ ಮೂಲಸಂಕೇತ ಕೊಡಬೇಕೆನ್ನುತ್ತದೆ. ತಿದ್ದಿದ ಸಂಕೇತವನ್ನು ಅದೇ ಪೆಟ್ಟಿಗೆಯಲ್ಲಿ ಓಡಿಸಲು ಬಿಡಬೇಕೆಂದು ಸ್ಪಷ್ಟವಾಗಿ ಹೇಳಿದ್ದು 2007ರ 3ನೇ ಆವೃತ್ತಿ. ಕರ್ನಲ್ ಅದಕ್ಕೆ ಬದಲಾಗಲಿಲ್ಲ. ಹೀಗಾಗಿ ಕಂಪನಿಯ ಡಿಜಿಟಲ್ ಸಹಿಯಿಲ್ಲದ ತಂತ್ರಾಂಶವನ್ನು ಟಿವಿ ಬೂಟ್ ಹಂತದಲ್ಲೇ ತಿರಸ್ಕರಿಸಬಹುದು; ಕನ್ನಡಕ್ಕಾಗಿ ನಾವೇ ತಿದ್ದಿಕೊಂಡದ್ದೂ ಅಲ್ಲಿ ಓಡದು. 2018ರಲ್ಲಿ ಎಲ್‌ಜಿ ಬಿಡುಗಡೆ ಮಾಡಿದ ವೆಬ್‌ಓಎಸ್‌ನ ಮುಕ್ತ ಆವೃತ್ತಿ ಪುಟ್ಟ ಕಂಪ್ಯೂಟರ್ ಆದ ರಾಸ್‌ಬೆರಿ ಪೈ ಮೇಲೆ ಓಡುತ್ತದೆ, ಅಂಗಡಿಯಲ್ಲಿ ಕೊಂಡ ಎಲ್‌ಜಿ ಟಿವಿಯ ಮೇಲಲ್ಲ. ಇಂಥದ್ದನ್ನು 'ಮುಕ್ತ' ಎಂದು ಜಾಹೀರಾತು ಮಾಡುವುದು ಅರ್ಧಸತ್ಯವೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಟಿವಿಯನ್ನು ಬರೀ ಪರದೆಯಾಗಿ ಬಳಸಿ, ಬುದ್ಧಿಯನ್ನು ಹೊರಗಿನ ಪೆಟ್ಟಿಗೆಯಲ್ಲಿಡುವುದು ಮೇಲು. ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್‌ನಲ್ಲಿ ಕನ್ನಡದ ಚಂದನ ವಾಹಿನಿ ಇದೆ; 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ ಬರುವ ಆ ಸಂಕೇತ ನಿಲಂಗಾದ ಮಾಳಿಗೆಯ ಮೇಲೂ ಬೀಳುತ್ತದೆ. ಡಿಶ್‌ನ ತಂತಿಯನ್ನು ಲಿನಕ್ಸ್ ಚಾಲಕವಿರುವ ಯುಎಸ್‌ಬಿ ಉಪಗ್ರಹ ಟ್ಯೂನರ್‌ಗೆ ಕೊಟ್ಟರೆ, ಟಿವಿಹೆಡ್‌ಎಂಡ್ ಎಂಬ ಮುಕ್ತ ತಂತ್ರಾಂಶ ವಾಹಿನಿಗಳನ್ನು ಬೇರ್ಪಡಿಸುತ್ತದೆ. ರಾಸ್‌ಬೆರಿ ಪೈಯಲ್ಲಿ ಕೂತ ಆಪರೇಟಿಂಗ್ ಸಿಸ್ಟಂ ಲಿಬ್ರಎಲೆಕ್‌ನ ಕೋಡಿ ಪ್ಲೇಯರ್ ಅವನ್ನು ಪರದೆಗೆ ತರುತ್ತದೆ. ಚಂದನ, ಮರಾಠಿಯ ಸಹ್ಯಾದ್ರಿ ಎರಡನ್ನೂ ಒಂದೇ ಪಟ್ಟಿಯಲ್ಲಿ ಬೇಕಾದ ಕ್ರಮದಲ್ಲಿ ಜೋಡಿಸಿಕೊಳ್ಳಬಹುದು. ಎರಡು ಭಾಷೆಯಲ್ಲಿ ಬದುಕುವ ಮನೆಗೆ ಈ ಅನುಕೂಲ ಸಣ್ಣದಲ್ಲ.

ಆದರೆ ಹಣ ಕೊಟ್ಟು ನೋಡುವ ಓಟಿಟಿಗಳ ಮಾತು ಬೇರೆ. ವೈಡ್‌ವೈನ್‌ನಂಥ ನಕಲುತಡೆ ವ್ಯವಸ್ಥೆಯ ಮೇಲಿನ ದರ್ಜೆಯ ಪ್ರಮಾಣಪತ್ರ ಇಂಥ ಪೆಟ್ಟಿಗೆಗಿಲ್ಲ. ಅಲ್ಲಿ ಚಂದಾದಾರರಿಗೂ ಅನೇಕ ಕಡೆ ಕೆಳದರ್ಜೆಯ ಚಿತ್ರವೇ ಸಿಗುತ್ತದೆ.